ರೋಡಿಗೆ ಮುಖ ಮಾಡಿದ ಮನೆ

ಮದ್ದೂರು, ಹಳೇ ಮೈಸೂರು ರಸ್ತೆ
೧೩-೧೧-೨೦೨೫, ಗುರುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಮ್ಮನಿಗೆ,

ನಿಮ್ಮ ಸೊಸೆ ಶ್ವೇತಳ ನಮಸ್ಕಾರಗಳು. ಮಂಡಿನೋವು ಈಗ ಹೇಗಿದೆ? ಶಿವನಸಮುದ್ರದ ಕ್ವಾಟ್ರಸ್ಸಿನ ಮೆಟ್ಟಿಲು ಬಹಳ ಕಡಿದು ಅಂತ ವೀಣ ಹೇಳಿದಾಗಿನಿಂದ ನನಗೆ ಅದೇ ಯೋಚನೆ. ಬಾಣಂತಿ ಮಗಳಿಗೆ ನೀರು ಹಾಕುವ ಭರದಲ್ಲಿ ಹಂಡೆಗಿಂಡೆ ಎತ್ತಲು ಹೋಗಬೇಡಿ. ಅಳಿಯಂದಿರು ಶಿಫ್ಟು ಮುಗಿಸಿ ಬಂದ ಮೇಲೆ ಎತ್ತಿಕೊಡಲಿ. ಪವರ್ ಹೌಸಿನಲ್ಲಿ ಅಷ್ಟು ದೊಡ್ಡ ಮಿಷನ್ನು ನೋಡಿಕೊಳ್ಳುವವರಿಗೆ ಒಂದು ಹಂಡೆ ಏನು ಭಾರ. ಕೂಸು ರಾತ್ರಿ ಮಲಗುತ್ತದೆಯೇ? ನೀವು ಮಾತ್ರೆ ತಿನ್ನುತ್ತೀರೋ, ಇಲ್ಲಾ ಸೀರೆಯ ಗಂಟಿನಲ್ಲಿ ಕಟ್ಟಿಕೊಂಡು ತಿಂದೆ ಅನ್ನುತ್ತೀರೋ? ಇಲ್ಲಿ ಪುಟ್ಟಿ ನಿಮ್ಮನ್ನು ಹುಡುಕುವುದು ಇನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನಿಮ್ಮ ಮಂಚದ ಕೆಳಗೆ ಬಗ್ಗಿ ನೋಡುತ್ತಾಳೆ, ಅಲ್ಲಿ ಇಲ್ಲವೆಂದಾದರೆ ಬೀರುವಿನ ಬಾಗಿಲು ತಟ್ಟುತ್ತಾಳೆ. ನಿಮ್ಮಿಂದ ಕಲಿತ ಒಂದೇ ಮಾತು, "ಬುಡು". ಹಾಲು ಕುಡಿ ಅಂದರೆ ಬುಡು, ಟೋಪಿ ಹಾಕಿದರೆ ಬುಡು. ಮೊನ್ನೆ ಇಂಜೆಕ್ಷನ್ನಿಗೆ ಕರೆದುಕೊಂಡು ಹೋದರೆ ಡಾಕ್ಟರಿಗೂ ಹಾಗೇ ಅಂದಳು. ಅವರು ಬೆಂಗಳೂರಿನ ಕಡೆಯವರು, ಮಗು ಬೈಯಿತೇನೋ ಅಂದುಕೊಂಡರು.

ಫೋನು ಇಟ್ಟುಕೊಂಡು ಕಾಗದ ಯಾಕೆ ಬರೀತಾಳೆ ಇವಳು ಅನ್ನುತ್ತೀರಿ. ನೀವು ಫೋನನ್ನು ಸ್ಪೀಕರಿಗೆ ಹಾಕಿ ಜಗಲಿ ಮೇಲಿಟ್ಟು ಅವರೆಕಾಯಿ ಸುಲಿಯುತ್ತ ಮಾತಾಡುವವರು. ನಾನು ಇಲ್ಲಿ ಪಿಸುಗುಟ್ಟಿದ್ದು ಅಲ್ಲಿ ಕ್ವಾಟ್ರಸ್ಸಿನ ಸಾಲಿಗೆಲ್ಲ ಕೇಳುತ್ತದೆ. ಏಳನೇ ಕ್ಲಾಸು ಪಾಸು ಮಾಡಿದವರು ಅಂತ ಮಾವನವರ ಮುಂದೆ ಜಂಬ ಪಡುತ್ತಿದ್ದಿರಲ್ಲ, ಈಗ ಕನ್ನಡಕ ಹಾಕಿಕೊಂಡು ಒಬ್ಬರೇ ಕೂತು ಓದಿ. ವೀಣಳಿಗೆ ಈಗಲೇ ಹೇಳಬೇಡಿ, ಬಾಣಂತಿ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ. ಕಾಗದವನ್ನು ಪೋಸ್ಟಿಗೆ ಹಾಕುತ್ತಿಲ್ಲ, ಕರೀಂ ಭಾಯಿ ಕೈಲಿ ಕೊಟ್ಟು ಕಳಿಸುತ್ತಿದ್ದೇನೆ. ನಮ್ಮ ಕೆಳಗಿನ ಮೊದಲನೇ ಮಳಿಗೆಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದರಲ್ಲ, ಅವರೂ ಖಾಲಿ ಮಾಡಿದರು ಅತ್ತೆಮ್ಮಾ. ಬೈಪಾಸ್ ಆದ ಮೇಲೆ, ನಿಂತು ಪಂಕ್ಚರ್ ಹಾಕಿಸಿಕೊಳ್ಳುವುದಕ್ಕೆ ಈ ರಸ್ತೆಯಲ್ಲಿ ಗಾಡಿಗಳೇ ಇಲ್ಲ. ಮಳವಳ್ಳಿ ಬಸ್‌ಸ್ಟ್ಯಾಂಡ್ ಹತ್ತಿರ ಜಾಗ ಹಿಡಿದಿದ್ದಾರೆ. ಇವತ್ತು ಸಾಮಾನು ಸಾಗಿಸಿ, ಹಾಗೇ ನಿಮ್ಮಲ್ಲಿಗೂ ಬಂದು ಹೋಗುತ್ತೇನೆ ಅಂದರು. ಅವರ ಹೆಂಡತಿ ಕುಲ್ಸುಮ್ ಕೂಸಿಗೆ ಅಂತ ಒಂದು ಪುಟ್ಟ ಕೌದಿ ಹೊಲಿದು ಕೊಟ್ಟಿದ್ದಾಳೆ, ಹಳೇ ಹತ್ತಿ ಸೀರೆಯದು, ತುಂಬ ಮೆತ್ತಗಿದೆ.

ವಿಷಯ ಮನೆಯದು. ಸುತ್ತಿ ಬಳಸಿ ಬರೆದರೆ ನಿಮಗೆ ಇನ್ನೂ ಭಯವಾಗುತ್ತದೆ, ಅದಕ್ಕೆ ನೇರವಾಗಿ ಬರೆಯುತ್ತೇನೆ. ಬ್ಯಾಂಕಿಗೆ ನಾವು ಇನ್ನೂ ಕಟ್ಟಬೇಕಾಗಿರುವುದು ಮೂವತ್ತೊಂದು ಲಕ್ಷ. ಈ ಮನೆಯನ್ನು ಇವತ್ತು ಮಾರಿದರೆ ಬರುವುದು ಇಪ್ಪತ್ತೆರಡು. ಅಂದರೆ ಮನೆ ಪೂರ್ತಿ ಕೊಟ್ಟರೂ ಸಾಲ ತೀರುವುದಿಲ್ಲ. ಮಳಿಗೆಗಳ ಬಾಡಿಗೆಯಿಂದ ಕಂತು ಕಟ್ಟುತ್ತೇವೆ ಅಂತ ಲೆಕ್ಕ ಹಾಕಿದ್ದೆವು. ಮೂರಕ್ಕೆ ಮೂರೂ ಈಗ ಖಾಲಿ, ಕಂತೆಲ್ಲ ನಿಮ್ಮ ಮಗನ ಸಂಬಳದಿಂದಲೇ ಹೋಗುತ್ತಿದೆ. ಮಂಡ್ಯದ ಟ್ರ್ಯಾಕ್ಟರ್ ಶೋರೂಮಿನವರು ಕೊಡುವುದೇ ಅಷ್ಟು. ಅದರಲ್ಲಿ ಕಂತು ಕಳೆದರೆ ಉಳಿಯುವುದು ಹಾಲಿಗೂ ಗ್ಯಾಸಿಗೂ ಸರಿಹೋಗುತ್ತದೆ. ನೀವು ಹೊರಡುವಾಗ ನನ್ನ ಮುಖ ನೋಡಿ, ಯಾಕವ್ವ ಇಂಗ್ ಸೊರಗೋಗಿದ್ದೀಯ ಅಂತ ಕೇಳಿದಿರಿ, ಮಗು ರಾತ್ರಿ ಏಳುತ್ತೆ ಅಂದೆ. ಮಗು ಏಳುವುದೂ ನಿಜ. ಆದರೆ ಅವಳು ಮತ್ತೆ ಮಲಗುತ್ತಾಳೆ, ನಾನು ಮಲಗುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಲಾರಿಗಳ ಸದ್ದಿಗೆ ಕಣ್ಣು ಮುಚ್ಚಲಾಗುತ್ತಿರಲಿಲ್ಲ, ನೀವು ಕಿವಿಗೆ ಹತ್ತಿ ಕೊಟ್ಟಿದ್ದಿರಿ. ಈಗ ಒಂದು ಲಾರಿ ಹೋದರೆ ಎದ್ದು ಕಿಟಕಿಯಲ್ಲಿ ನೋಡುವ ಹಾಗಾಗಿದೆ.

ಹೋದ ತಿಂಗಳು ಬ್ಯಾಂಕಿನ ಕಡೆಯಿಂದ ಬೆಲೆ ಕಟ್ಟುವವರು ಬಂದಿದ್ದರು. ಕೆಳಗೆ ನಿಂತು ಬಹಳ ಹೊತ್ತು ನೋಡಿ, ಇದು ಮನೇನಾ ಅಂಗಡೀನಾ ಮೇಡಂ ಅಂತ ನಕ್ಕರು. ಅವರ ಮಾತು ತಪ್ಪಲ್ಲ. ಬೀದಿ ಕಡೆಗೆ ಇರುವುದೆಲ್ಲ ಷಟರೇ, ನಾವು ಬಾಳುವ ಮನೆಗೆ ದಾರಿ ಅಂತ ಇರುವುದು ಪಕ್ಕದ ಆ ಇಕ್ಕಟ್ಟು ಮೆಟ್ಟಿಲು. ಮಾವನವರನ್ನು ದೂರುತ್ತಿಲ್ಲ, ನೀವು ಕಣ್ಣು ಒರೆಸಿಕೊಳ್ಳಬೇಡಿ. ಹಳೇ ಮನೆ ಕೆಡವಿ ಪಾಯ ತೆಗೆಯುವ ದಿನ ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಮನೆ ರೋಡಿಗೆ ಮುಖ ಮಾಡಿರ್ಬೇಕು ಕಣವ್ವ, ಬಸ್ಸು ನಿಂತ್ರೆ ನಮ್ ಮುಂದೇನೇ ನಿಲ್ಬೇಕು" ಅಂದದ್ದು ನನಗೆ ಈಗಲೂ ಕೇಳಿಸುತ್ತದೆ. ಅವರೊಬ್ಬರೇ ಅಲ್ಲ, ಈ ಸಾಲಿನಲ್ಲಿ ಎಲ್ಲರೂ ನಡುಮನೆ ಕಳೆದುಕೊಂಡು ಷಟರ್ ಇಟ್ಟವರೇ. ಕೂರುವುದಕ್ಕೆ ಹಜಾರ ಇಲ್ಲದಿದ್ದರೂ ಪರವಾಗಿಲ್ಲ, ಮೂರನೇ ಮಳಿಗೆ ಬೇಕು ಅನ್ನುವವರು. ಬೈಪಾಸ್ ಆಗುತ್ತದೆ, ಬಸ್ಸೆಲ್ಲ ಆ ಕಡೆ ಹೋಗುತ್ತದೆ ಅಂತ ಯಾರಾದರೂ ಅಂದರೆ ನಗುತ್ತಿದ್ದರು. ಮದ್ದೂರಲ್ಲಿ ಕಾಫಿ ಕುಡಿಯದೆ ಯಾವನು ಮೈಸೂರಿಗೆ ಹೋಗ್ತಾನೆ ಅನ್ನುತ್ತಿದ್ದರು. ಎಲ್ಲರೂ ಹೋದರು. ಮಾವನವರು ಅದನ್ನು ನೋಡದೆ ಕಣ್ಣು ಮುಚ್ಚಿದರು, ಅಷ್ಟರ ಮಟ್ಟಿಗೆ ದೇವರು ದೊಡ್ಡವನು. ಮಹಡಿಯ ಪ್ಯಾರಾಪೆಟ್ಟಿನ ಮೇಲೆ ಸಿಮೆಂಟಿನಲ್ಲಿ "ಪಟ್ಟಲಮ್ಮ ನಿಲಯ" ಅಂತ ನಿಮ್ಮ ಹೆಸರು ಬರೆಸಿದರಲ್ಲ, ನಾಚಿಕೆಯಾಗಿ ನೀವು ಒಂದು ವಾರ ಹೊರಗಡೆ ಬರಲಿಲ್ಲ. 

ಏನು ಮಾಡಬಹುದು ಅಂತ ಬ್ಯಾಂಕಿಗೆ ನಾನೇ ಹೋದೆ, ಪುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು. ಬಿ.ಕಾಂ. ಓದಿದ್ದು ಅಷ್ಟಕ್ಕಾದರೂ ಬಂತು. ಮ್ಯಾನೇಜರಮ್ಮ ಒಳ್ಳೆಯವರು, ಪುಟ್ಟಿಯ ಕೈಗೆ ರಬ್ಬರ್ ಸೀಲು ಕೊಟ್ಟು ಕೂರಿಸಿ ನನಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಬೀಗದ ಕೈ ತಂದು ನಿಮ್ಮ ಟೇಬಲ್ ಮೇಲೆ ಇಟ್ಟು ಹೋದರೆ ಅಂತ ಕೇಳಿದೆ. ಮನೆ ಹರಾಜಾಗುತ್ತೆ, ಹರಾಜಲ್ಲಿ ಇನ್ನೂ ಕಡಿಮೆಗೆ ಹೋಗುತ್ತೆ, ಉಳಿದ ಸಾಲ ನಿಮ್ಮ ಯಜಮಾನರ ತಲೆ ಮೇಲೆ ಹಾಗೇ ಇರುತ್ತೆ ಅಂದರು. ಕೀ ಕೊಟ್ಟರೆ ಸಾಲ ಹೋಯಿತು ಅಂತ ತಿಳಿದುಕೊಂಡಿದ್ದೆ, ಹಾಗಿಲ್ಲವಂತೆ. ಕಂತಿನ ವರ್ಷ ಹೆಚ್ಚಿಸಿಕೊಳ್ಳಬಹುದು. ಆಗ ತಿಂಗಳ ಕಂತು ಒಂದಿಷ್ಟು ಇಳಿಯುತ್ತದೆ, ಆದರೆ ಪುಟ್ಟಿ ಕಾಲೇಜು ಮುಗಿಸಿದರೂ ನಾವು ಈ ಖಾಲಿ ಷಟರಿಗೆ ಬಡ್ಡಿ ಕಟ್ಟುತ್ತಲೇ ಇರುತ್ತೇವೆ. ಇನ್ನೊಂದು, ಒಂದೇ ಸಲಕ್ಕೆ ಇಷ್ಟು ಕೊಡುತ್ತೇವೆ, ಮಿಕ್ಕಿದ್ದು ಬಿಡಿ ಅಂತ ರಾಜಿ ಮಾಡಿಕೊಳ್ಳುವುದು. ಅದು ಕಟ್ಟಲಾಗದೆ ಕೈಚೆಲ್ಲಿದವರಿಗೆ ಮಾತ್ರವಂತೆ, ಆಮೇಲೆ ಎಷ್ಟೋ ವರ್ಷ ಯಾವ ಬ್ಯಾಂಕಿನವರೂ ಹತ್ತಿರ ಸೇರಿಸುವುದಿಲ್ಲ. ದಿನ ಬೆಳಗಾದರೆ ರೈತರಿಗೆ ಬ್ಯಾಂಕಿನಿಂದ ಟ್ರ್ಯಾಕ್ಟರ್ ಸಾಲ ಮಾಡಿಸಿಕೊಡುವುದೇ ನಿಮ್ಮ ಮಗನ ಕೆಲಸ. ಇವರ ಹೆಸರೇ ಕೆಟ್ಟರೆ ಶೋರೂಮಿನಲ್ಲಿ ಕುರ್ಚಿ ಉಳಿಯುತ್ತದೆಯೇ?

ಇದರ ಮಧ್ಯೆ ನಿಮ್ಮ ಮೈದುನ ಹೊನ್ನಯ್ಯ ಚಿಕ್ಕಮಾವ ಒಂದು ಉಪಾಯ ತಂದರು, ಮಹಡಿ ಮನೆಯನ್ನು ಭೋಗ್ಯಕ್ಕೆ ಕೊಡುವುದು. ಹತ್ತು ಲಕ್ಷ ಇಡಿಯಾಗಿ ಇಸಕೊಂಡು, ಮೂರು ವರ್ಷ ಬಾಡಿಗೆ ಇಲ್ಲದೆ ಇರಲು ಬಿಟ್ಟು, ಆಮೇಲೆ ದುಡ್ಡು ವಾಪಸು ಮಾಡುವುದು. ಊರಲ್ಲೆಲ್ಲ ಮಾಡುವುದೇ, ತಪ್ಪೇನಿಲ್ಲ. ಆದರೆ ಮನೆ ಪತ್ರ ಬ್ಯಾಂಕಿನಲ್ಲಿ ಇದೆ ಅನ್ನುವುದನ್ನು ಹೇಳಬಾರದು ಅನ್ನುವುದು ಅವರ ಷರತ್ತು. ಹೇಳಿದರೆ ಯಾರು ಬರುತ್ತಾರೆ? ನಿಮ್ಮ ಮಗ ಬೇಡ ಅನ್ನಲೂ ಇಲ್ಲ, ಸರಿ ಅನ್ನಲೂ ಇಲ್ಲ. ಚಿಕ್ಕಮಾವ ಒಂದು ಭಾನುವಾರ ಮಲ್ಲಿಗಮ್ಮ ಅನ್ನುವ ಒಬ್ಬರನ್ನು ಕರೆದುಕೊಂಡು ಬಂದೇಬಿಟ್ಟರು. ಆಸ್ಪತ್ರೆಯಲ್ಲಿ ಆಯಾ ಆಗಿದ್ದು ರಿಟೈರಾದವರು, ಗಂಡ ಇಲ್ಲ, ಮಕ್ಕಳಿಲ್ಲ, ಕೈಗೆ ಬಂದ ದುಡ್ಡೆಲ್ಲ ಒಟ್ಟಿಗೆ ಇಟ್ಟುಕೊಂಡು ತಲೆ ಮೇಲೊಂದು ಸೂರು ಹುಡುಕುತ್ತಿದ್ದಾರೆ. ಅಡುಗೆಮನೆ ಕಟ್ಟೆ ಮೇಲೆ ಕೈ ಆಡಿಸಿದರು, ಬಚ್ಚಲಿನಲ್ಲಿ ನೀರು ಬಿಟ್ಟು ನೋಡಿದರು, ತುಳಸಿ ಎಲ್ಲಿ ಇಡೋದು ಅಂತ ನನ್ನನ್ನು ಕೇಳಿದರು. ಅತ್ತೆಮ್ಮಾ, ಅವರು ಕೈ ಆಡಿಸಿದ ರೀತಿ ಥೇಟು ನಿಮ್ಮದೇ. ಮೆಟ್ಟಿಲು ಇಳಿಯುವಾಗ ನಾನು ಅವರ ಹಿಂದೆ ಹೋಗಿ, ಮನೆ ಪತ್ರ ಬ್ಯಾಂಕಿನಲ್ಲಿದೆ, ನಾಳೆ ಅವರು ಬೀಗ ಹಾಕಿದರೆ ನಿಮ್ಮ ದುಡ್ಡಿಗೆ ನಾನು ಜವಾಬ್ದಾರಿ ಹೇಳಲಾರೆ ಅಂದುಬಿಟ್ಟೆ. ಅವರು ಅಲ್ಲೇ ಕಂಬಿ ಹಿಡಿದು ನಿಂತರು. "ಏಳಿದ್ದು ಒಳ್ಳೇದಾಯ್ತು ಕಣವ್ವ" ಅಂದರು, ಅಷ್ಟೇ. ಕುಂಕುಮ ಕೊಟ್ಟೆ, ತೆಗೆದುಕೊಂಡು ಪುಟ್ಟಿಯ ಹಣೆಗೆ ಇಟ್ಟು ಹೋದರು.

ಚಿಕ್ಕಮಾವ ಕೆಳಗೆ ನಿಂತುಕೊಂಡೇ ಬೀದಿಗೆ ಕೇಳುವ ಹಾಗೆ ಅಂದರು: "ಓದಿರೋಳ್ನ ತಂದ್ರೆ ಇಂಗೇ ಕಣ್ಲಾ ಪುನೀತ, ಬಂದೋರ್ಗೆಲ್ಲ ಪಾಠ ಏಳ್ಕಂಡು ನಿಂತವ್ಳೆ. ಇವಳ್ ಕಾಲ್ಗುಣಕ್ಕೇಯ ರೋಡು ಅತ್ಲಾಗ್ ಓದದ್ದು." ಬೈಪಾಸ್ ಆಗಿದ್ದು ನನ್ನ ಕಾಲ್ಗುಣದಿಂದ ಅಂತೆ! ಆ ಹೊತ್ತಿನಲ್ಲಿ ಅಳು ಬಂತು, ರಾತ್ರಿ ನೆನೆಸಿಕೊಂಡು ನಗುವೂ ಬಂತು. ಇಷ್ಟು ದೊಡ್ಡ ರಸ್ತೆಯನ್ನು ಅಷ್ಟು ದೂರ ಎತ್ತಿಟ್ಟ ಕಾಲು ನನ್ನದು ಅಂದರೆ ಸಾಮಾನ್ಯವೇ.  ನಿಮ್ಮ ಮಗ ಪುಟ್ಟಿಯನ್ನು ಎತ್ತಿಕೊಂಡು ಮುಚ್ಚಿದ ಷಟರುಗಳ ಮುಂದೆ ಆ ಕಡೆಯಿಂದ ಈ ಕಡೆಗೆ ಓಡಾಡಿದರು. ಆಮೇಲೆ ಒಳಗೆ ಬಂದು, ನೀನು ಹೇಳದೆ ಇದ್ದಿದ್ದರೆ ನಾನೇ ಹೇಳಬೇಕಾಗಿತ್ತು, ನನಗೆ ಬಾಯಿ ಬರಲಿಲ್ಲ ಅಂದರು. ನಿಮ್ಮ ಮಗ ಒಳ್ಳೆಯವರು ಅತ್ತೆಮ್ಮಾ, ನಿಮಗೆ ಗೊತ್ತಿಲ್ಲದ್ದೇನು. ಅಪ್ಪ ಕಟ್ಟಿಸಿದ್ದು ತನ್ನ ಕೈಲಿ ಹೋಗಬಾರದು ಅನ್ನುವ ಒಂದೇ ಹಟ ಅವರದು. ಆ ಹಟದಲ್ಲಿ ಅವರಿಗೆ ಬೇರೆ ಏನೂ ಕಾಣಿಸುತ್ತಿಲ್ಲ.

ಈಗ ಅವರ ತಲೆಯಲ್ಲಿ ಇರುವುದನ್ನು ಬರೆಯುತ್ತೇನೆ. ಬಸರಾಳಿನ ನಿಮ್ಮ ಇಪ್ಪತ್ತು ಗುಂಟೆ ಜಮೀನನ್ನು ಆಧಾರ ಮಾಡಿದರೆ ಮಂಡ್ಯದ ಒಂದು ಫೈನಾನ್ಸಿನವರು ಹನ್ನೆರಡು ಲಕ್ಷ ಕೊಡುತ್ತಾರಂತೆ. ಅದರಲ್ಲಿ ಷಟರುಗಳ ನಡುವಿನ ಗೋಡೆ ಒಡೆದು, ನಾಮಕರಣ, ಸೀಮಂತಕ್ಕೆ ಬಾಡಿಗೆ ಕೊಡುವ ಒಂದು ಪಾರ್ಟಿ ಹಾಲ್ ಮಾಡುವುದು, ಆ ಬಾಡಿಗೆಯಲ್ಲಿ ಎರಡೂ ಸಾಲ ತೀರಿಸುವುದು. ಹೇಳುವಾಗ ಅವರ ಕಣ್ಣಲ್ಲಿ ಬಹಳ ದಿನದ ಮೇಲೆ ಹೊಳಪು ಕಂಡೆ. ಆಮೇಲೆ ಲೆಕ್ಕ ಹಾಕಿದೆ. ಆ ಫೈನಾನ್ಸಿನ ಬಡ್ಡಿ ಬ್ಯಾಂಕಿನ ಬಡ್ಡಿಗೆ ಎರಡರಷ್ಟು. ಗಾಡಿಯೇ ನಿಲ್ಲದ ರಸ್ತೆಯಲ್ಲಿ ಆ ಹಾಲ್‌ಗೆ ಯಾರು ಬರುತ್ತಾರೆ? ಬಂದರೂ ಒಂದು ವರ್ಷದಲ್ಲಿ ಎಷ್ಟು ಮುಹೂರ್ತ, ಎಷ್ಟು ಆಷಾಢ? ಮನೆಯೂ ಹೋಗಿ ಜಮೀನೂ ಹೋಗುತ್ತದೆ ಅಂತ ಹೇಳಿದೆ. ಅವ್ವನದು ಅಂದರೆ ನಮ್ಮದೇ ಅಲ್ಲವಾ, ಅವ್ವ ಇಲ್ಲ ಅನ್ನುವುದಿಲ್ಲ ಅಂದರು.

ಅವರು ಗಂಡಸರು, ಅವರಿಗೆ ಅದು ಇಪ್ಪತ್ತು ಗುಂಟೆ. ನನಗೆ ನೀವು ಹೇಳಿದ್ದು ನೆನಪಿದೆ. ನಿಮ್ಮ ತಂದೆ ಕರಿಯಪ್ಪನವರು ಮದುವೆಯಲ್ಲಿ ಅರಿಶಿನ ಕುಂಕುಮಕ್ಕೆ ಅಂತ ಬರೆದುಕೊಟ್ಟ ಜಮೀನು ಅದು. ಗುತ್ತಿಗೆಗೆ ಕೊಟ್ಟು, ವರ್ಷಕ್ಕೊಮ್ಮೆ ಬಂದಷ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಇಳಿಯುತ್ತಿದ್ದಿರಿ. ವೀಣಳ ನರ್ಸಿಂಗಿಗೆ ಫೀಸು ಕಟ್ಟಿದ್ದು ಅದರಲ್ಲಿ. ನನ್ನ ಹೆರಿಗೆಯಲ್ಲಿ ರಾತ್ರೋರಾತ್ರಿ ಮಂಡ್ಯಕ್ಕೆ ಕರೆದುಕೊಂಡು ಹೋಗಿ ಅಂದಾಗ ಯಾರನ್ನೂ ಕೇಳದೆ ಪೆಟ್ಟಿಗೆ ತೆಗೆದಿರಲ್ಲ, ಅದೂ ಅದೇ. ಆಸ್ಪತ್ರೆಯಲ್ಲಿ ನಾನು ಕೈ ಮುಗಿದಾಗ ನೀವು ಅಂದಿರಿ: "ಗಂಡನ ಕಾಸು ಗಂಡಂದು, ಮಗನ ಕಾಸು ಮಗಂದು. ಇದೊಂದ್ ನಂದು ಕಣವ್ವ, ಯಾರ್ ಮುಂದೇನೂ ಕೈ ಒಡ್ದಂಗಿಲ್ಲ." ಅವತ್ತು ನನ್ನ ಪಕ್ಕದಲ್ಲಿ ಪುಟ್ಟಿ ಹುಟ್ಟಿ ಎರಡು ಗಂಟೆಯ ಕೂಸು. ನನಗೂ ಇವಳಿಗೂ ಅಂಥದೊಂದು ಇರಬೇಕು ಅಂತ ಆಗಲೇ ಅನ್ನಿಸಿತ್ತು. ಗೋಡೆ ಮೇಲೆ ನಿಮ್ಮ ಹೆಸರು ಬರೆದಿರುವ ಈ ಮನೆ ಒಂದು ದಿನವೂ ನಿಮ್ಮದಾಗಿರಲಿಲ್ಲ. ಸೈಟೂ ಸಾಲವೂ ಇವರ ಹೆಸರಲ್ಲಿ, ಪತ್ರ ಬ್ಯಾಂಕಿನಲ್ಲಿ. ನಿಮ್ಮದು ಅಂತ ಇರುವುದು ಬಸರಾಳಿನದು ಒಂದೇ.

ನನಗೆ ಸರಿ ಕಂಡ ದಾರಿ ಬೇರೆ. ಎಳನೀರು ಮಂಡಿಯ ಒಬ್ಬ ವ್ಯಾಪಾರಸ್ಥರು ಬಂದು ನೋಡಿಕೊಂಡು ಹೋಗಿದ್ದಾರೆ. ಅವರಿಗೆ ಗಾಡಿ ನಿಲ್ಲುವುದೂ ಬೇಡ, ಗಿರಾಕಿಯೂ ಬೇಡ, ಕಾಯಿ ಸುರಿಯುವುದಕ್ಕೆ ಷಟರ್ ಇರುವ ಗೋಡೌನು ಬೇಕು, ಮೇಲೆ ಆಳುಗಳು ಇರುತ್ತಾರೆ. ಇಪ್ಪತ್ತೆರಡಕ್ಕೆ ಒಪ್ಪಿದ್ದಾರೆ. ಬೆಲೆ ಕಟ್ಟುವವರು ನಕ್ಕ ಷಟರಿಗೇ ಇವರು ಬೆಲೆ ಕೊಟ್ಟರು ನೋಡಿ, ಮಾವನವರು ಇದ್ದಿದ್ದರೆ ಮೀಸೆ ತಿರುವುತ್ತಿದ್ದರು. ಬ್ಯಾಂಕಿಗೆ ಹೇಳಿಯೇ, ಅವರ ಮುಂದೆಯೇ ಮಾರುವುದು. ಉಳಿಯುವ ಒಂಬತ್ತು ಲಕ್ಷವನ್ನು ಬೇರೆ ಸಾಲ ಮಾಡಿ ಸಣ್ಣ ಕಂತಿನಲ್ಲಿ ಕಟ್ಟಿಸಿಕೊಳ್ಳುತ್ತೇವೆ, ಆದರೆ ಮನೆಯಲ್ಲಿ ಇಬ್ಬರ ಸಂಬಳ ಕಾಣಬೇಕು ಅಂದಿದ್ದಾರೆ ಮ್ಯಾನೇಜರಮ್ಮ. ಹನಕೆರೆ ಹತ್ತಿರ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸ ಕೇಳಿಕೊಂಡು ಬಂದಿದ್ದೇನೆ, ಒಂದನೇ ತಾರೀಕಿನಿಂದ ಬಾ ಅಂದಿದ್ದಾರೆ. ಅಲ್ಲೇ ಸ್ಟೇಷನ್ನಿನ ಹಿಂದೆ ಒಂದು ಬಾಡಿಗೆ ಮನೆ ನೋಡಿದೆ. ಹೆಂಚಿನದು, ಸಣ್ಣದು, ಆದರೆ ನಡುಮನೆ ಇದೆ, ಬಾಗಿಲಿಗೆ ಮೆಟ್ಟಿಲೇ ಇಲ್ಲ, ನಿಮ್ಮ ಮಂಡಿಗೆ ಆರಾಮ. ಇವರಿಗೆ ಮಂಡ್ಯಕ್ಕೆ ರೈಲೂ ಸಿಗುತ್ತದೆ. ಊರವರು ನಾಲ್ಕು ದಿನ ಆಡಿಕೊಳ್ಳುತ್ತಾರೆ. ಬೀಗ ಹಾಕಿಸಿಕೊಂಡು ಬರುವುದಕ್ಕಿಂತ ನಾವೇ ಬಾಗಿಲು ಹಾಕಿಕೊಂಡು ಬರುವುದು ಮೇಲಲ್ಲವೇ? ವೀಣಳ ಬಾಣಂತನ ಮುಗಿದ ಮೇಲೆ ನೀವು ಬಂದು ಪುಟ್ಟಿಯನ್ನು ನೋಡಿಕೊಂಡರೆ ನಾನು ಧೈರ್ಯವಾಗಿ ಕೆಲಸಕ್ಕೆ ಹೋಗುತ್ತೇನೆ. ಅಲ್ಲಿಯವರೆಗೂ ಹನಕೆರೆಯಲ್ಲೇ ಇರುವ ಕುಲ್ಸುಮ್‌ಳ ಅಮ್ಮ ನೋಡಿಕೊಳ್ಳುತ್ತೇನೆ ಅಂದಿದ್ದಾರೆ.

ಇಷ್ಟೇ ವಿಷಯ. ಜಮೀನು ನಿಮ್ಮದು, ಮಗನೂ ನಿಮ್ಮವನು. ತಾಯಿ ಮಗನ ಮಧ್ಯೆ ಬಂದು ಹೀಗೇ ಮಾಡಿ ಅನ್ನುವಷ್ಟು ದೊಡ್ಡವಳು ನಾನಲ್ಲ. ಮುಂದಿನ ತಿಂಗಳು ಇವರು ಅಲ್ಲಿಗೆ ಬಂದಾಗ ಕೇಳಬಹುದು, ಆಗ ನಿಮ್ಮ ಮನಸ್ಸಿಗೆ ಬಂದ ಹಾಗೆ ಮಾಡಿ. ಕರೀಂ ಭಾಯಿ ಕೈಲಿ ಹುಚ್ಚೆಳ್ಳು ಚಟ್ನಿಪುಡಿಯೂ ನಿಮ್ಮ ಮಂಡಿಗೆ ಎಣ್ಣೆಯೂ ಕಳಿಸಿದ್ದೇನೆ. ಚಟ್ನಿಪುಡಿ ಬಾಣಂತಿಗೆ ಕೊಡಬೇಡಿ, ಖಾರ. ಭಾಯಿಗೆ ಕಾಫಿ ಕೊಡಿ, ಸಕ್ಕರೆ ಕಮ್ಮಿ. ಅವರ ಅಡ್ವಾನ್ಸ್ ವಾಪಸು ಕೊಡಲು ಹೋದರೆ, "ಇರ್ಲಿ ಬುಡಿ ಅಕ್ಕ, ಮೊದ್ಲು ನಿಮ್ದು ಒಂದ್ ದಡ ಸೇರ್ಲಿ" ಅಂದರು. ಅಳಿಯಂದಿರಿಗೆ ನಮಸ್ಕಾರ, ವೀಣಳಿಗೆ ಪ್ರೀತಿ, ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು ಕೊಡಿ. ನೀವು ಬೇಗ ಬನ್ನಿ. ನಿಮ್ಮ ಬೈಗುಳ ಇಲ್ಲದೆ ಅಡುಗೆಗೆ ಉಪ್ಪು ಹದವಾಗಿ ಬೀಳುತ್ತಿಲ್ಲ.

ನಿಮ್ಮ ಆಶೀರ್ವಾದ ಬೇಡುವ,
ಸೊಸೆ ಶ್ವೇತ

ಅತ್ತೆಮ್ಮಾ, ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಇವರ ಫೋನು ಬಂತು. ಮುಂದಿನ ತಿಂಗಳಲ್ಲ, ನಾಡಿದ್ದು ಶನಿವಾರವೇ ನಿಮ್ಮಲ್ಲಿಗೆ ಬರುತ್ತಾರಂತೆ, ಫೈನಾನ್ಸಿನವನೂ ಕಾಗದ ಹಿಡಿದು ಕಾರಿನಲ್ಲಿ ಜೊತೆಗೆ ಬರುತ್ತಾನಂತೆ. ಅವ್ವನಿಗೆ ಹೇಳಬೇಡ, ಎದುರಿಗೇ ಕೂತು ಕೇಳುತ್ತೇನೆ ಅಂದರು. ಎದುರಿಗೆ ಕೂತರೆ ನೀವು ಕೊಟ್ಟುಬಿಡುತ್ತೀರಿ. ಮೇಲೆ, ಮನಸ್ಸಿಗೆ ಬಂದ ಹಾಗೆ ಮಾಡಿ ಅಂತ ಬರೆದಿದ್ದೇನೆ, ಅದನ್ನು ಹೊಡೆದು ಹಾಕಿ ಬರೆಯಲು ಹೊತ್ತಿಲ್ಲ, ಕರೀಂ ಭಾಯಿ ಕೆಳಗೆ ಗಾಡಿ ಸ್ಟಾರ್ಟ್ ಮಾಡಿ ಕಾಯುತ್ತಿದ್ದಾರೆ. ಕೊಡಬೇಡಿ. ಮಗನಿಗೆ ಇಲ್ಲ ಅನ್ನಲು ನಿಮಗೆ ಬಾಯಿ ಬರದಿದ್ದರೆ ನನ್ನ ಹೆಸರು ಹೇಳಿ. ನಿನ್ನ ಹೆಂಡ್ತಿ ಬ್ಯಾಡ ಅಂದವ್ಳೆ ಕಣ್ಲಾ, ಅವಳ್ನೇ ಕೇಳೋಗು ಅನ್ನಿ. ಹೇಗೂ ಸೊಸೆಯಿಂದಲೇ ಮನೆ ಹೋಯಿತು ಅಂತ ಅನ್ನುವವರಿದ್ದಾರೆ, ಅನ್ನಿಸಿಕೊಳ್ಳುವುದು ನನಗೆ ಅಭ್ಯಾಸವಾಗಿದೆ. ಅವರು ಬಂದು ನನ್ನ ಮೇಲೆ ಸಿಟ್ಟಾಗಲಿ, ನಿಮ್ಮ ಮೇಲೆ ಬೇಡ. ಮುದ್ದೆ, ಬಸ್ಸಾರು ಮಾಡಿ ಪಕ್ಕದಲ್ಲಿ ಕೂರಿಸಿಕೊಂಡು ಹೊಟ್ಟೆ ತುಂಬ ಇಕ್ಕಿ, ತಲೆ ಸವರಿ, ಬೇಕಾದರೆ ಇಬ್ಬರೂ ಅತ್ತುಬಿಡಿ. ರುಜು ಮಾತ್ರ ಹಾಕಬೇಡಿ.